ನಿಧಾನವಾಗಿ ಉತ್ತರಿಸಿದ ನದಿ

ಪ್ರಯೋಗಶಾಲೆಯಲ್ಲಿ ನಾವು ಕೇಳುವ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಒಂದೆರಡು ಗಂಟೆಗಳಲ್ಲಿ ಉತ್ತರ ದೊರೆಯುವುದು. ಲೋಲಕವನ್ನು ತೂಗಿಬಿಟ್ಟರೆ ಅದು ತನ್ನ ಆವರ್ತಕಾಲವನ್ನು ಕೂಡಲೆ ತಿಳಿಸುತ್ತದೆ. ಆದರೆ ಪ್ರಶ್ನೆ ಹಾಕಿದುದು ಒಂದು ನದಿಗಾದರೆ? ಉತ್ತರಕ್ಕಾಗಿ ಎಷ್ಟು ಕಾಲ ಕಾದಿರಬೇಕು? ಅಲಾಸ್ಕದ ಕುಪಾರುಕ್ ನದಿಯ ವೃತ್ತಾಂತದಲ್ಲಿ ಇದಕ್ಕೆ ಸಮಾಧಾನವುಂಟು.

ಬ್ರೂಕ್ಸ್ ಪರ್ವತಶ್ರೇಣಿಯ ಉತ್ತರದ ತಪ್ಪಲಿನಲ್ಲಿ, 68 ಡಿಗ್ರಿ ಅಕ್ಷಾಂಶದಿಂದ ಕೊಂಚ ಆಚೆಗೆ, ಟೂಲಿಕ್ ಎಂಬ ಸರೋವರವಿದೆ. ಅದರ ದಡದಲ್ಲಿ 1975ರಲ್ಲಿ ಒಂದು ಸಂಶೋಧನ ಕೇಂದ್ರ ತಲೆಯೆತ್ತಿತು. ಸುತ್ತಲೂ ಮರಗಳಿಲ್ಲದ ಟಂಡ್ರಾ ಬಯಲು. ಅಲ್ಲಿ ಹಿಂಡುಹಿಂಡಾಗಿ ಅಲೆಯುವ ಕ್ಯಾರಿಬೂ ಸಾರಂಗಗಳು. ಬೇಸಗೆಯಲ್ಲಿ ಮೇಲಿನ ಅರ್ಧ ಮೀಟರಿನಷ್ಟು ಮಣ್ಣು ಮಾತ್ರ ಕರಗುತ್ತದೆ. ಅದರ ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಮಣ್ಣಿನ ಸಾರ ಆ ಹಿಮದಲ್ಲಿ ಸೆರೆಯಾಗಿರುವುದರಿಂದ ಅಲ್ಲಿ ಹರಿಯುವ ಕುಪಾರುಕಿನ ನೀರಿನಲ್ಲಿ ರಂಜಕ, ಎಂದರೆ ಫಾಸ್ಫರಸ್, ಅತ್ಯಲ್ಪ.

ಈ ಕೊರತೆಯನ್ನು ನೀಗಿಸಿದರೆ ಏನಾದೀತು? 1983ರ ಬೇಸಗೆಯಲ್ಲಿ ವಿಜ್ಞಾನಿಗಳು ನದಿಯ ಒಂದೆಡೆಯಲ್ಲಿ ರಂಜಕಾಮ್ಲವನ್ನು ಹನಿಹನಿಯಾಗಿ ಬಿಡತೊಡಗಿದರು. ಪ್ರಮಾಣ ಎಷ್ಟೆಂದು ಬಲ್ಲಿರಾ? ಒಂದು ಲಕ್ಷ ಲೀಟರು ನೀರಿಗೆ ಸುಮಾರು ಒಂದು ಗ್ರಾಂ ರಂಜಕ! ಹನಿ ಬೀಳುವ ಸ್ಥಳದಿಂದ ಮೇಲಣ ಭಾಗವನ್ನು ಹಾಗೆಯೇ ಬಿಟ್ಟು, ಕೆಳಗಣ ಭಾಗವನ್ನು ಅದರೊಡನೆ ಹೋಲಿಸಿ ನೋಡಿದರು.

ಮೊದಲ ಉತ್ತರ ಬೇಗನೆ ಬಂದಿತು. ಕೆಳಗಣ ಕಲ್ಲುಗಳ ಮೇಲೆ ಪಾಚಿ ದಟ್ಟವಾಗಿ ಬೆಳೆಯಿತು. ಅದನ್ನು ಮೇಯುವ ಕೆಲವು ಜಾತಿಯ ಕೀಟಗಳು ಹೆಚ್ಚಿದುವು. ಕೀಟಗಳನ್ನು ತಿನ್ನುವ ಗ್ರೇಲಿಂಗ್ ಮೀನುಗಳು ಚೆನ್ನಾಗಿ ಕೊಬ್ಬಿದುವು. ಪ್ರಯೋಗವನ್ನು ಅಲ್ಲಿಗೇ ಮುಗಿಸಿದ್ದರೆ, ‘ರಂಜಕ ಹೆಚ್ಚಿದರೆ ಪಾಚಿ ಹೆಚ್ಚುತ್ತದೆ’ ಎಂಬ ಸರಳ ತೀರ್ಮಾನಕ್ಕೆ ಬರುತ್ತಿದ್ದರು.

ಅವರು ನಿಲ್ಲಿಸಲಿಲ್ಲ. ಬೇಸಗೆಯಿಂದ ಬೇಸಗೆಗೆ ಹನಿ ಬೀಳುತ್ತಲೇ ಇದ್ದಿತು. ಸುಮಾರು ಎಂಟು ವರ್ಷಗಳಾದ ಮೇಲೆ ಯಾರೂ ಎಣಿಸದಿದ್ದ ಬದಲಾವಣೆ ಕಂಡುಬಂದಿತು. ಹಿಂದೆ ಅಲ್ಲಲ್ಲಿ ಮಾತ್ರ ಕಾಣುತ್ತಿದ್ದ ಹಾವಸೆ ನದೀತಳದ ಕಲ್ಲುಗಳನ್ನು ದಟ್ಟವಾಗಿ ಮುಚ್ಚಿ ಪಾಚಿಯ ಸ್ಥಾನವನ್ನು ಆಕ್ರಮಿಸಿತು. ಕೀಟಗಳ ಸಮುದಾಯವೂ ಬೇರೆಯ ರೂಪ ತಾಳಿತು. ಮುಂದೆ ನದಿಯ ಒಂದು ಭಾಗಕ್ಕೆ ರಂಜಕವನ್ನು ನಿಲ್ಲಿಸಿದಾಗ ಪಾಚಿ ಬೇಗನೆ ತಗ್ಗಿತಾದರೂ ಹಾವಸೆ ಹಲವು ವರ್ಷಗಳವರೆಗೆ ಉಳಿಯಿತು.

ಇದರ ಮಹತ್ತ್ವ ದೂರದ ಒಂದು ನದಿಗೆ ಸೀಮಿತವಲ್ಲ. ಉತ್ತರಧ್ರುವ ಪ್ರದೇಶ ಭೂಮಿಯ ಇತರ ಭಾಗಗಳಿಗಿಂತ ಶೀಘ್ರವಾಗಿ ಬಿಸಿಯಾಗುತ್ತಿದೆ. ಹೆಪ್ಪುಗಟ್ಟಿದ ನೆಲ ಕರಗಿದಲ್ಲಿ, ಸೆರೆಯಾಗಿದ್ದ ಸಾರ ನದಿಗಳಿಗೆ ಇಳಿಯಬಹುದು. ಮನುಷ್ಯ ಹನಿಹನಿಯಾಗಿ ಮಾಡಿದ ಪ್ರಯೋಗವನ್ನು ಪ್ರಕೃತಿಯೇ ವಿಸ್ತಾರವಾಗಿ ಮಾಡುವ ಕಾಲವಿದು.

ಗ್ರೇಲಿಂಗಿನ ಪಾಲಿಗೆ ಇನ್ನೊಂದು ಸಂಕಟವುಂಟು. ಚಳಿಗಾಲದಲ್ಲಿ ಆಳವಿಲ್ಲದ ನದಿ ತಳದವರೆಗೂ ಹೆಪ್ಪುಗಟ್ಟುವುದರಿಂದ, ಅದಕ್ಕೆ ಮೊದಲೇ ಈ ಮೀನು ಪ್ರವಾಹಕ್ಕೆ ಎದುರಾಗಿ ಈಜಿ ಮೂಲದ ಸರೋವರವನ್ನು ಸೇರಬೇಕು. ನೀರಿನ ಸಾಂದ್ರತೆ 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಧಿಕವಷ್ಟೆ. ಆದುದರಿಂದ ಸರೋವರದ ಮೇಲೆ ಮಂಜುಗಡ್ಡೆ ತೇಲುತ್ತಿದ್ದರೂ ಅಡಿಯಲ್ಲಿ ನೀರು ನೀರಾಗಿಯೇ ಉಳಿದು ಮೀನನ್ನು ಕಾಪಾಡುತ್ತದೆ. ಆದರೆ ಬೇಸಗೆಯ ಕೊನೆಯಲ್ಲಿ ಮಳೆ ಕೈಕೊಟ್ಟು ನದಿ ಅಲ್ಲಲ್ಲಿ ಬತ್ತಿದರೆ ದಾರಿ ಕಡಿದುಹೋಗುತ್ತದೆ. ಮೈ ಎಷ್ಟು ಕೊಬ್ಬಿದ್ದರೇನು, ಮನೆ ಸೇರಲು ನೀರೇ ಇಲ್ಲದ ಮೇಲೆ?

ಒಂದು ವರ್ಷದ ಅಳತೆ ಸುಳ್ಳಲ್ಲ, ಆದರೆ ಅಪೂರ್ಣ. ಐದು ವರ್ಷ ಕಾದವರಿಗೆ ಪಾಚಿ ಕಂಡಿತು. ಹತ್ತು ವರ್ಷ ಕಾದವರಿಗೆ ಹಾವಸೆ ಕಂಡಿತು. ನದಿಯನ್ನು ಪ್ರಶ್ನಿಸುವವನು ನದಿಯ ಕಾಲಮಾನಕ್ಕೆ ತಾನೂ ಹೊಂದಿಕೊಳ್ಳಬೇಕು.