ಸಂಜೆ ಕಾಲೇಜಿನ ಗೆಳೆಯರು ಲಂಡನ್ನಿನಲ್ಲಿ ಸೇರಿದಾಗ

ಮುಂಬಯಿಯಲ್ಲಿ ಹಗಲು ದುಡಿದು ಸಂಜೆ ಓದಿದ ಕನ್ನಡಿಗರಿಗೆ ಕಾಲೇಜು ದಿನಗಳೆಂದರೆ ಕ್ಯಾಂಟೀನು, ಪಿಕ್‌ನಿಕ್‌ಗಳ ನೆನಪಲ್ಲ. ಹೊಟೇಲಿನ ಗಲ್ಲಾ ಇನ್ನೊಬ್ಬರಿಗೆ ಒಪ್ಪಿಸಿ ಆರು ಗಂಟೆಯ ತರಗತಿಗೆ ಓಡಿದ್ದು, ಕೊನೆಯ ಬೆಂಚಿನಲ್ಲಿ ತೂಕಡಿಸಿದ್ದು, ರಾತ್ರಿ ಕೊನೆಯ ಲೋಕಲ್ ಹಿಡಿದದ್ದು, ನೆನಪೆಂದರೆ ಇಷ್ಟೇ. ಕೋಟೆ ಪರಿಸರದ ಒಂದು ಸಂಜೆ ಕಾಲೇಜಿನಲ್ಲಿ 1984ರಲ್ಲಿ ಬಿ.ಕಾಂ. ಮುಗಿಸಿದ ಐವರು ಗೆಳೆಯರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಉಡುಪಿ ಕಡೆಯವರು ಮೂವರು, ಧಾರವಾಡದವರು ಒಬ್ಬರು, ವಿಜಯಪುರ ಜಿಲ್ಲೆಯವರು ಒಬ್ಬರು. ಐವರಿಗೂ ಸೇರಿ ಇದ್ದದ್ದು ಒಂದೇ ಸೆಟ್ ಪುಸ್ತಕ. ಪರೀಕ್ಷೆ ಹತ್ತಿರವಾದಾಗ ಯಾವ ಪುಸ್ತಕ ಯಾವ ದಿನ ಯಾರ ಬಳಿ ಇರಬೇಕೆಂಬ ಪಟ್ಟಿಯನ್ನು ವಿಜಯಪುರದವರು ಬರೆದಿಡುತ್ತಿದ್ದರು.

ಮುಂದೆ ಒಬ್ಬರು ಬ್ಯಾಂಕ್ ಸೇರಿದರು, ಇನ್ನೊಬ್ಬರು ಮುಲುಂಡ್‌ನಲ್ಲಿ ಸ್ವಂತ ಹೊಟೇಲು ಹಾಕಿದರು. ವಿಜಯಪುರದವರು ಹಡಗು ಕಂಪೆನಿಯೊಂದರ ಕಚೇರಿಯಲ್ಲಿ ಗುಮಾಸ್ತರಾಗಿ ಡೊಂಬಿವಲಿಯಲ್ಲಿ ಮನೆ ಮಾಡಿದರು. ಉಡುಪಿ ಕಡೆಯ ಮತ್ತೊಬ್ಬರು 1988ರಲ್ಲಿ ಲಂಡನ್ನಿನ ಹೊಟೇಲೊಂದರ ಅಡುಗೆಮನೆ ಕೆಲಸಕ್ಕೆ ಹೋಗಿ, ಅಲ್ಲಿ ಲೆಕ್ಕಪತ್ರದ ಪರೀಕ್ಷೆಗಳನ್ನು ಕಟ್ಟಿ ನೆಲೆನಿಂತರು. ಅವರ ವಿಮಾನ ಟಿಕೆಟಿಗೆಂದು ಚೀಟಿ ಎತ್ತಿ ಹಣ ಕೊಟ್ಟವರು ಡೊಂಬಿವಲಿಯ ಗುಮಾಸ್ತರೇ. ಧಾರವಾಡದವರು ಕೆಲವು ವರ್ಷಗಳ ನಂತರ ಬರ್ಮಿಂಗ್‌ಹ್ಯಾಮ್ ಸೇರಿ ಅಂಗಡಿ ಇಟ್ಟರು.

ನಿವೃತ್ತಿ ಹತ್ತಿರ ಬಂದಾಗ ಮುಂಬಯಿಯ ಮೂವರೂ ಪತ್ನಿಯರೊಡನೆ ಇಂಗ್ಲೆಂಡಿಗೆ ಹೋಗಿ ಗೆಳೆಯರ ಮನೆಯಲ್ಲಿದ್ದು ಬರುವುದೆಂದು ನಿಶ್ಚಯವಾಯಿತು. 2020ರ ಮೇ ತಿಂಗಳಿಗೆ ಟಿಕೆಟೂ ಆಯಿತು. ಆ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ವಿಮಾನಗಳೇ ನಿಂತುಹೋದವು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಕೋವಿಡ್ ಎರಡನೆಯ ಅಲೆ ಬಂದಾಗ ಡೊಂಬಿವಲಿಯ ಗೆಳೆಯ ತೀರಿಕೊಂಡರು. ಒಂದೇ ಊರಿನಲ್ಲಿದ್ದ ಇಬ್ಬರು ಗೆಳೆಯರಿಗೂ ಮುಖ ನೋಡಲು ಸಿಗಲಿಲ್ಲ. ಹೊರನಾಡಿನ ಇಬ್ಬರು ಫೋನಿನಲ್ಲೇ ಅತ್ತರು.

2023ರಲ್ಲಿ ಪ್ರವಾಸದ ಮಾತು ಮತ್ತೆ ಎದ್ದಾಗ ಮೊದಲು ಬಂದ ಪ್ರಶ್ನೆ, ಅವರ ಪತ್ನಿಯನ್ನು ಕರೆಯುವುದೋ ಬೇಡವೋ ಎಂಬುದು. ಪಾಸ್‌ಪೋರ್ಟ್ 2019ರಲ್ಲೇ ಪತಿಯೊಡನೆ ಮಾಡಿಸಿಟ್ಟದ್ದು, ಅವಧಿ ಬಾಕಿ ಇತ್ತು. ಮಕ್ಕಳು ಹೋಗಿ ಬಾ ಎಂದರು. ಆದರೆ ಊರಿನ ಸಂಬಂಧಿಕರೊಬ್ಬರು, ಗಂಡ ಹೋಗಿ ಎರಡು ವರ್ಷವಾಗಿದೆಯಷ್ಟೆ, ಲಂಡನ್ ನೋಡುವ ಆತುರವೇನು ಎಂದು ಫೋನು ಮಾಡಿ ಕೇಳಿದರು. ಇಂಥ ಮಾತು ಆಡುವವರಿಗೆ ನಮ್ಮ ಸಮಾಜದಲ್ಲಿ ಯಾವ ಕಾಲಕ್ಕೂ ಕೊರತೆಯಿಲ್ಲ. ಕೊನೆಗೆ ಲಂಡನ್ನಿನಿಂದ ಗೆಳೆಯರೇ ಕರೆ ಮಾಡಿ, “ವೈನಿ, ಅವನು ಬರಬೇಕಾಗಿದ್ದ ಮನೆ ಇದು. ನೀವಾದರೂ ಬನ್ನಿ” ಎಂದ ಮೇಲೆ ಆಕೆ ಒಪ್ಪಿದರು.

ವೀಸಾ ಶುಲ್ಕ ಆಗ ತಲೆಗೆ 100 ಪೌಂಡ್, ಅಂದರೆ ಹತ್ತು ಸಾವಿರ ರೂಪಾಯಿಗೂ ಮೇಲು. ಗೆಳೆಯರ ಆಮಂತ್ರಣ ಪತ್ರ, ಬ್ಯಾಂಕಿನ ಆರು ತಿಂಗಳ ಸ್ಟೇಟ್‌ಮೆಂಟ್, ಪಿಂಚಣಿಯ ಕಾಗದ ಎಲ್ಲವನ್ನೂ ಬ್ಯಾಂಕಿನವರು ಫೈಲು ಮಾಡಿಕೊಟ್ಟರು. ಅರವತ್ತರ ಆಸುಪಾಸಿನ ಐವರಿಗೂ ಪ್ರವಾಸ ವಿಮೆ ಮಾಡಿಸಿದರು. ಅಲ್ಲಿಯ ಸರಕಾರಿ ಆಸ್ಪತ್ರೆಗಳು ಪ್ರವಾಸಿಗರಿಗೆ ಪೂರ್ತಿ ಉಚಿತವೆಂದು ಭಾವಿಸುವ ಸದಸ್ಯರು ನಮ್ಮ ಸಂಘಗಳಲ್ಲಿ ಇನ್ನೂ ಇದ್ದಾರೆ. ಹಾಗಿಲ್ಲ, ವಿಮೆ ಬೇಕೇ ಬೇಕು.

ಜೂನ್ ತಿಂಗಳ ಲಂಡನ್ನಿನಲ್ಲಿ ರಾತ್ರಿ ಒಂಬತ್ತಾದರೂ ಬೆಳಕು. ದೇವರಿಗೆ ಸಂಜೆಯ ದೀಪ ಎಷ್ಟು ಹೊತ್ತಿಗೆ ಹಚ್ಚುವುದೆಂದು ಮಹಿಳೆಯರಲ್ಲಿ ಚರ್ಚೆಯೇ ನಡೆಯಿತು. ಗೆಳೆಯರ ಮನೆ ಇದ್ದದ್ದು ಈಸ್ಟ್ ಹ್ಯಾಮ್‌ನಲ್ಲಿ. ಮುರುಗನ್ ದೇವಸ್ಥಾನ, ದೋಸೆ ಹೊಟೇಲು, ಕರಿಬೇವು ಮಾರುವ ಅಂಗಡಿ ಎಲ್ಲವೂ ಅಲ್ಲಿ ಉಂಟು. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ. ಕಾರ್ಡು ಮುಟ್ಟಿಸಿದರೆ ಆಗ 1.75 ಪೌಂಡ್, ಅದೇ ಹಣದಲ್ಲಿ ಒಂದು ಗಂಟೆಯೊಳಗೆ ಬೇರೆ ಬಸ್ಸುಗಳನ್ನೂ ಹತ್ತಬಹುದಿತ್ತು. ಡಬಲ್ ಡೆಕ್ಕರಿನ ಮೇಲಿನ ಮುಂದಿನ ಸೀಟಿಗಾಗಿ ಅರವತ್ತು ದಾಟಿದ ಗಂಡಸರು ಹುಡುಗರಂತೆ ಮೆಟ್ಟಿಲು ಓಡಿದರು. ಮುಂಬಯಿಯ ಹಳೆಯ ಕೆಂಪು ಡಬಲ್ ಡೆಕ್ಕರುಗಳು ಅದೇ ವರ್ಷ ಸೆಪ್ಟೆಂಬರಿನಲ್ಲಿ ರಸ್ತೆಯಿಂದ ಮರೆಯಾದವು. ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ಮುಂದೆ ನಿಂತಾಗ ಎಲ್ಲರ ಬಾಯಲ್ಲೂ ಒಂದೇ ಮಾತು, ನಮ್ಮ ವಿ.ಟಿ.!

ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂಗೆ ಪ್ರವೇಶ ಶುಲ್ಕವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಾಗಿಸಿದ ಟಿಪ್ಪುವಿನ ಮರದ ಹುಲಿಯನ್ನು ಅವರು ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕಂಡರು. ಬಿಳಿಯ ಸಿಪಾಯಿಯ ಮೇಲೆರಗಿದ ಹುಲಿ, ಹೊಟ್ಟೆಯೊಳಗೆ ಗರ್ಜನೆ ಹೊರಡಿಸುವ ವಾದ್ಯ. ಅರ್ಧ ಗಂಟೆ ಯಾರೂ ಕದಲಲಿಲ್ಲ. ಅರಮನೆಯ ಮುಂದಿನ ಕಾವಲು ಬದಲಾವಣೆಯನ್ನು ಮಾತ್ರ ಜನಜಂಗುಳಿಯ ಹಿಂದೆ ನಿಂತು, ತಲೆಗಳ ನಡುವಿನಿಂದ ನೋಡಿದ್ದು. ಅದಕ್ಕೆ ಬೆಳಗಿನ ಮೂರು ಗಂಟೆ ಕೊಡುವ ಅಗತ್ಯವಿರಲಿಲ್ಲ.

ಥೇಮ್ಸ್ ನದಿಯ ದಕ್ಷಿಣ ದಂಡೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವೇಶ್ವರರ ಪ್ರತಿಮೆ ಇದೆ. ಲ್ಯಾಂಬೆತ್‌ನ ಮಾಜಿ ಮೇಯರ್, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪನೆಯಾದ ಇದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದರು. ನದಿಯಾಚೆ ಬ್ರಿಟಿಷ್ ಪಾರ್ಲಿಮೆಂಟ್. ಡೊಂಬಿವಲಿಯ ವೈನಿಯವರ ತವರು ಬಸವನ ಬಾಗೇವಾಡಿಯ ಹತ್ತಿರದ ಹಳ್ಳಿ. ಆಕೆ ಚಪ್ಪಲಿ ಬಿಟ್ಟು ನಮಸ್ಕರಿಸಿ, ಅಲ್ಲೇ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತರು. ಫೋಟೋ ತೆಗೆಯಲು ಕರೆದಾಗ, ನೀವು ತೆಗೆಸಿಕೊಳ್ಳಿ ಎಂದರು.

ಆ ರಾತ್ರಿ ಲಂಡನ್ನಿನ ಗೆಳೆಯರು ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಆಕೆಯ ಮುಂದಿಟ್ಟರು. ಒಳಗೆ ಆಕೆಯ ಪತಿ 1988ರಿಂದ ಬರೆದ ನಲವತ್ತೊಂದು ನೀಲಿ ಏರೋಗ್ರಾಮ್‌ಗಳು. ಮರುದಿನ ಉಳಿದವರು ಮೇಣದ ಬೊಂಬೆ ನೋಡಲು ಹೋದರೆ ಆಕೆ ಮನೆಯಲ್ಲೇ ಉಳಿದು ಓದಿದರು. ಚಾಳದಿಂದ ಫ್ಲ್ಯಾಟಿಗೆ ಬಂದದ್ದು, ಮಗಳು ಹುಟ್ಟಿದ್ದು, ಬೋನಸ್ ಎಷ್ಟು ಬಂತು ಎಲ್ಲವೂ ಅದರಲ್ಲಿತ್ತು. 1991ರ ಒಂದು ಪತ್ರದಲ್ಲಿ ಆಕೆಗೆ ಗೊತ್ತೇ ಇರದ ವಿಷಯವೊಂದಿತ್ತು. ಲಂಡನ್ನಿನ ಗೆಳೆಯರು ಅವರಿಗೂ ಅಲ್ಲೊಂದು ಕೆಲಸ ನೋಡಿದ್ದರು. ತಂಗಿಯರ ಮದುವೆ ಬಾಕಿ ಇದೆ, ಮನೆಯವಳೂ ಒಪ್ಪಲಿಕ್ಕಿಲ್ಲ ಎಂದು ಬರೆದು ಅವರು ಬೇಡವೆಂದಿದ್ದರು.

“ನನಗ ಕೇಳೇ ಇಲ್ಲ ಅಣ್ಣಾರ. ಕೇಳಿದ್ರ ಹೋಗ್ರಿ ಅಂತಿದ್ದೆ” ಎಂದರು ಆಕೆ ಸಂಜೆ. ಲಂಡನ್ನಿನ ಗೆಳೆಯರಿಗೆ ಉತ್ತರ ತೋಚಲಿಲ್ಲ. ಡಬ್ಬಿಯನ್ನು ಕೊಂಡೊಯ್ಯಿರಿ ಎಂದಾಗ ಆಕೆ ಒಪ್ಪಲಿಲ್ಲ. “ನಿಮಗ ಬರದ ಪತ್ರ, ನಿಮ್ಮ ಹತ್ರಾನ ಇರಲಿ. ಮಕ್ಕಳಿಗೆ ತೋರ್ಸಾಕ ನನಗ ಝೆರಾಕ್ಸ್ ಸಾಕು.” ಮರುದಿನ ಬಡಾವಣೆಯ ಗ್ರಂಥಾಲಯದಲ್ಲಿ ಎಲ್ಲವೂ ಝೆರಾಕ್ಸ್ ಆಯಿತು.

ಗ್ರೀನಿಚ್‌ನಲ್ಲಿ ಸೊನ್ನೆ ರೇಖಾಂಶದ ಗೆರೆಯ ಎರಡೂ ಬದಿಗೆ ಕಾಲಿಟ್ಟು ನಿಲ್ಲುವುದು ಎಲ್ಲ ಪ್ರವಾಸಿಗರೂ ಮಾಡುವ ಕೆಲಸ, ಇವರೂ ಮಾಡಿದರು. ಬೇಸಿಗೆಯಲ್ಲಿ ನಮಗೂ ಲಂಡನ್ನಿಗೂ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ವ್ಯತ್ಯಾಸವೆಂದು ಹೊಟೇಲಿನವರು ವಿವರಿಸಲು ಹೊರಟಾಗ, ವೈನಿಯವರು ತಮಗೆ ಗೊತ್ತೆಂದರು. ಪತ್ರಗಳು ನಿಂತು ಫೋನು ಬಂದ ಮೇಲೆ ಪ್ರತಿ ಭಾನುವಾರ ರಾತ್ರಿ ಒಂಬತ್ತೂವರೆಗೆ ಪತಿ ಗಡಿಯಾರ ನೋಡಿ, ಅಲ್ಲಿ ಈಗ ಐದು, ಅಲ್ಲಿ ಈಗ ನಾಲ್ಕು ಎಂದು ಹೇಳಿಯೇ ನಂಬರು ಒತ್ತುತ್ತಿದ್ದರಂತೆ.

ಬರ್ಮಿಂಗ್‌ಹ್ಯಾಮ್‌ಗೆ ಎರಡು ದಿನದ ಭೇಟಿ. ಅಲ್ಲಿಯ ಗೆಳೆಯರಿಗೆ ಮೊಣಕಾಲು ನೋವು, ಹೆಚ್ಚು ಓಡಾಟವಾಗಲಿಲ್ಲ. ಹತ್ತಿರದ ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೋಗಿಬಂದು, ಉಳಿದ ಹೊತ್ತೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತ ಮಾತಿನಲ್ಲೇ ಕಳೆಯಿತು.

ಹನ್ನೆರಡು ದಿನವೂ ಐವರು ಒಂದೇ ಮನೆಯಲ್ಲಿ ಬೀಡುಬಿಡಲಿಲ್ಲವೆಂಬುದನ್ನೂ ಹೇಳಬೇಕು. ಅಲ್ಲಿ ಕೆಲಸದವರಿಲ್ಲ, ಸ್ನಾನದ ಮನೆ ಒಂದೇ, ಆತಿಥ್ಯ ಮಾಡುವ ಗೃಹಿಣಿ ಬೆಳಗ್ಗೆ ನೌಕರಿಗೆ ಹೋಗಬೇಕು. ಆರು ದಿನದ ನಂತರ ಎರಡು ದಂಪತಿಗಳು ಹತ್ತಿರದಲ್ಲೇ ಬಾಡಿಗೆ ಕೋಣೆ ಹಿಡಿದರು, ರಾತ್ರಿಯ ಊಟಕ್ಕೆ ಮಾತ್ರ ಸೇರಿದರು. ಗೆಳೆಯರು ಮೊದಲು ಮುನಿದರೂ ಅವರ ಪತ್ನಿ ಮುನಿಯಲಿಲ್ಲ.

ಲಂಡನ್ನಿನ ಗೆಳೆಯರು ಮರುವರ್ಷ ಜನವರಿಯಲ್ಲಿ ಮುಂಬಯಿಗೆ ಬಂದರು. ವಿಮಾನ ಇಳಿದವರು ಮುಲುಂಡ್‌ಗೆ ಹೋಗದೆ ನೇರ ಡೊಂಬಿವಲಿಗೆ ಹೋದರು. ಮೂರನೆಯ ದಿನ ಎಲ್ಲರೂ ಕೂಡಿ ಕೋಟೆಗೆ ಹೋಗಿ ಹಳೆಯ ಕಾಲೇಜನ್ನು ಹೊರಗಿನಿಂದಲೇ ನೋಡಿದರು. ಅವರು ಗಲ್ಲಾದಲ್ಲಿ ಕುಳಿತಿದ್ದ ಹೊಟೇಲಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಪಕ್ಕದ ಗಾಡಿಯಲ್ಲಿ ಕಟಿಂಗ್ ಚಹಾ ಕುಡಿದು, ಸಂಜೆಯ ನೂಕುನುಗ್ಗಲು ಶುರುವಾಗುವ ಮೊದಲು ವಿ.ಟಿ.ಯಿಂದ ಲೋಕಲ್ ಹಿಡಿದರು.