ಗುಡ್ಡೆ ಮಾಂಸ ಮತ್ತು ಮನೆಯ ಫ್ರೀಜರ್: ಇಡೀ ಕುರಿ ಕೊಳ್ಳುವ ಮುನ್ನ

ಹೊಸತೊಡಕು, ಬಕ್ರೀದ್, ಊರ ಜಾತ್ರೆ ಹತ್ತಿರ ಬಂದರೆ ಕುರಿ ಮಾಂಸದ ದರ ಏರುವುದು ನಮ್ಮ ಗಡಿ ಊರುಗಳಲ್ಲೆಲ್ಲ ಕಂಡ ಮಾತು. ದರ ಏರುವ ಮುಂಚೆಯೇ ನಾಲ್ಕು ಮನೆಯವರು ಸೇರಿ, ಹಳ್ಳಿಯಿಂದ ನೇರವಾಗಿ ಒಂದು ಕುರಿ ಕೊಂಡು, ಪಾಲು ಮಾಡಿ ಫ್ರೀಜರಿನಲ್ಲಿ ಇಟ್ಟುಕೊಳ್ಳಬಹುದೇ ಎಂದು ಹಲವು ಸದಸ್ಯರು ಕೇಳುತ್ತಾರೆ. ಖಂಡಿತ ಆಗುತ್ತದೆ. ಪಾಲು ಹಾಕುವುದು ನಮಗೆ ಹೊಸದೂ ಅಲ್ಲ. ಹೊಸೂರು, ಮಡಕಶಿರಾ ಕಡೆ ಇದು ಗುಡ್ಡೆ ಮಾಂಸ. ಸೊಲ್ಲಾಪುರ, ಜತ್ತದ ಕಡೆ ಮರಾಠಿಯ ‘ವಾಟಾ’ ಎಂದರೂ ತಿಳಿಯುತ್ತದೆ. ಆದರೆ ಹಿಂದೆ ಗುಡ್ಡೆ ಅಂದೇ ಮನೆ ಸೇರಿ ಅಂದೇ ಒಲೆಗೇರುತ್ತಿತ್ತು. ತಿಂಗಳುಗಟ್ಟಲೆ ಇಡುವುದಾದರೆ ಲೆಕ್ಕವೂ ಬೇರೆ, ಎಚ್ಚರವೂ ಬೇರೆ.

ಕುರಿ ಆರಿಸುವುದು

ಮೊದಲು ಹಲ್ಲು ನೋಡಬೇಕು. ಹಾಲುಹಲ್ಲು ಮಾತ್ರ ಇದ್ದರೆ ಹೆಚ್ಚುಕಡಿಮೆ ವರ್ಷದೊಳಗಿನ ಮರಿ. ಎರಡು ದೊಡ್ಡ ಹಲ್ಲು ಬಂದಿದ್ದರೆ ಒಂದರಿಂದ ಒಂದೂವರೆ ವರ್ಷ, ನಾಲ್ಕಾದರೆ ಸುಮಾರು ಎರಡು. ಎಂಟೂ ಬಂದು ಬಾಯಿಗೂಡಿದ್ದರೆ ನಾಲ್ಕರ ಆಸುಪಾಸು. ವಯಸ್ಸಾದಷ್ಟೂ ಮಾಂಸ ಗಡಸು. ಹಾಲುಹಲ್ಲಿನದು ಅಥವಾ ಎರಡು ಹಲ್ಲಿನದು ನಮಗೆ ಸರಿ. ಸೊಂಟದ ಮೇಲೆ ಕೈಯಾಡಿಸಿದಾಗ ಬೆನ್ನುಮೂಳೆ ಚೂಪಾಗಿ ಸಿಕ್ಕರೆ ಅದು ಬಡಕಲು ಕುರಿ.

ತಳಿಯನ್ನೂ ಕೇಳಿ. ಜತ್ತ ತಾಲೂಕಿನ ಮಾಡಗ್ಯಾಳ ಕುರಿ ಎತ್ತರದ ಆಳು, ಬೇಗ ತೂಕ ಬರುತ್ತದೆ. ದಖನಿ ಕುರಿ ಅದಕ್ಕಿಂತ ಚಿಕ್ಕದು, ಬರಗಾಲದ ನಾಡಿಗೆ ಒಗ್ಗಿದ್ದು. ಯಾವ ತಳಿಯಾದರೂ ಮಳೆಗಾಲದ ಮೇವು ತಿಂದು ದೀಪಾವಳಿ ಹೊತ್ತಿಗೆ ಮೈತುಂಬಿರುತ್ತದೆ. ಬೇಸಿಗೆಯ ಕೊನೆಗೆ ಸೊರಗಿರುತ್ತದೆ.

ಮೂಗು ಸೋರುವ, ಭೇದಿಯಾಗುತ್ತಿರುವ ಕುರಿ ಬೇಡ. ಪಿಪಿಆರ್ ಲಸಿಕೆ ಹಾಕಿಸಿದ್ದಾರೆಯೇ, ಈಚೆಗೆ ಯಾವುದಾದರೂ ಔಷಧಿ ಕೊಟ್ಟಿದ್ದಾರೆಯೇ ಎಂದು ಕೇಳಿ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಮಾಂಸ ತಿನ್ನಬಾರದೆಂದು ಪಶುವೈದ್ಯರು ಹೇಳುತ್ತಾರೆ. ಸತ್ತದ್ದನ್ನು ಅಥವಾ ಸಾಯುತ್ತಿರುವುದನ್ನು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಅಂಥ್ರಾಕ್ಸ್‌ನಿಂದ ಸತ್ತ ಕುರಿಯನ್ನು ಕೊಯ್ದವರಿಗೂ ಅದು ತಗಲುತ್ತದೆ. ಫ್ರೀಜರಿನ ಚಳಿಗೆ ಅದರ ಬೀಜಾಣು ಸಾಯುವುದಿಲ್ಲ.

ದರದ ಲೆಕ್ಕ

ಜೀವಂತ ತೂಕದ ದರವನ್ನು ಅಂಗಡಿಯ ಮಾಂಸದ ದರಕ್ಕೆ ನೇರವಾಗಿ ಹೋಲಿಸಬಾರದು. ಕುರಿಯ ತೂಕದಲ್ಲಿ ಮೂಳೆ ಸಹಿತ ಮಾಂಸ ಸಿಗುವುದು ಅರ್ಧಕ್ಕಿಂತ ತುಸು ಕಡಿಮೆ. ಲೆಕ್ಕಕ್ಕೆಂದು 25 ಕಿಲೋ ಕುರಿ, ಕಿಲೋಗೆ 350 ರೂಪಾಯಿ ಎಂದಿಟ್ಟುಕೊಳ್ಳೋಣ. ಕುರಿಗೆ 8,750, ಕೊಯ್ಯುವ ಕೂಲಿ ಮತ್ತು ಗಾಡಿ ಬಾಡಿಗೆ 850, ಒಟ್ಟು 9,600. ಮಾಂಸ 12 ಕಿಲೋ ಬಂದರೆ ಕಿಲೋಗೆ 800 ಬಿತ್ತು. 11 ಕಿಲೋ ಮಾತ್ರ ಬಂದರೆ 870 ದಾಟಿತು. ತಲೆ, ಕಾಲು, ಲಿವರ್, ಬೋಟಿ ಇದರ ಮೇಲಿನ ಲಾಭ. ಅವು ಯಾರಿಗೂ ಬೇಡವಾದರೆ ಉಳಿತಾಯ ಬಹಳ ಇರುವುದಿಲ್ಲ.

ಕಣ್ಣಳತೆಯ ವ್ಯಾಪಾರದಲ್ಲಿ ಸೋಲುವುದು ಹೆಚ್ಚಾಗಿ ಕುರಿ ಸಾಕಿದವರೇ. ಮದುವೆ, ಆಸ್ಪತ್ರೆ, ಶಾಲೆಯ ಫೀಜು ಎಂದು ತುರ್ತಿಗೆ ಮಾರುವವರು ದಲ್ಲಾಳಿ ಹೇಳಿದ ದರಕ್ಕೇ ಒಪ್ಪಬೇಕಾಗುತ್ತದೆ. ಆದ್ದರಿಂದ ತಕ್ಕಡಿಯಲ್ಲೇ ತೂಗಿಸಿ. ಬೆಳಿಗ್ಗೆ ಮೇಯಲು ಬಿಡುವ ಮುಂಚೆ ತೂಗಿದರೆ ಮೇವು, ನೀರಿನ ಭಾರಕ್ಕೆ ನಾವು ದುಡ್ಡು ಕೊಟ್ಟಂತಾಗುವುದಿಲ್ಲ. ಹಾಗೆ ತೂಗಿದಾಗ ಕಿಲೋಗೆ ನಾಲ್ಕು ಕಾಸು ಹೆಚ್ಚು ಕೊಡುವುದು ನ್ಯಾಯ. ಹಣ ಅಲ್ಲೇ ಕೊಡಿ, ಉದ್ರಿ ಹೇಳಬೇಡಿ.

ಕೊಯ್ಯಿಸುವುದು

ಕೇಂದ್ರ ಸರ್ಕಾರದ 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ನಗರಸಭೆ, ಪುರಸಭೆಯ ವ್ಯಾಪ್ತಿಯಲ್ಲಿ ಪರವಾನಗಿ ಇರುವ ಕಡೆಯೇ ಕೊಯ್ಯಿಸಬೇಕು. ಗಬ್ಬದ ಕುರಿ, ಮೂರು ತಿಂಗಳೊಳಗಿನ ಮರಿ, ಮೂರು ತಿಂಗಳೊಳಗಿನ ಮರಿ ಇರುವ ತಾಯಿ, ಇವನ್ನು ಕೊಯ್ಯುವಂತಿಲ್ಲ. ಪಶುವೈದ್ಯರ ತಪಾಸಣೆಯೂ ಆಗಬೇಕು. ಇದು ಗಡಿಯ ಆಚೆಗೂ ಈಚೆಗೂ ಒಂದೇ.

ಗುಡ್ಡೆ ಹಾಕುವಾಗ ತೊಡೆ, ಮುಂಗಾಲು, ಪಕ್ಕೆ, ಕತ್ತು ಎಲ್ಲವನ್ನೂ ಪ್ರತಿ ಪಾಲಿಗೆ ಸ್ವಲ್ಪ ಸ್ವಲ್ಪ ಹಂಚುವುದೇ ಹಳೆಯ ಕ್ರಮ. ಆ ಕ್ರಮವನ್ನು ಬಿಡಬೇಡಿ. ನಾಲ್ಕು ಪಾಲಾದರೆ ಮನೆಗೆ ಸುಮಾರು 3 ಕಿಲೋ ಬರುತ್ತದೆ.

ಫ್ರೀಜರಿಗೆ ಹಾಕುವುದು

ಕೊಯ್ದ ಕೂಡಲೇ ಬಿಸಿ ಮಾಂಸವನ್ನು ಫ್ರೀಜರಿಗೆ ತುಂಬಬೇಡಿ. ಸಾವಿನ ನಂತರದ ಸೆಡೆತ ಇಳಿಯುವ ಮುಂಚೆಯೇ ಹೆಪ್ಪುಗಟ್ಟಿದರೆ ಎಳೆ ಮರಿಯದಾದರೂ ಬೆಂದಾಗ ರಬ್ಬರಿನಂತಾಗುತ್ತದೆ. ಒಂದು ದಿನ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ, 4 ಡಿಗ್ರಿ ಮೀರದಂತೆ ಮುಚ್ಚಿಟ್ಟು ಆಮೇಲೆ ಫ್ರೀಜರಿಗೆ ಹಾಕಿ. ಒಂದು ಹೊತ್ತಿನ ಅಡುಗೆಗೆ ಬೇಕಾದಷ್ಟನ್ನೇ ಒಂದು ಪೊಟ್ಟಣ ಮಾಡಿ. ದಪ್ಪ ಕವರಿನಲ್ಲಿ ಗಾಳಿ ಹೊರಹಾಕಿ, ಚಪ್ಪಟೆಯಾಗಿ ಕಟ್ಟಿ, ಮೇಲೆ ತಾರೀಖು ಬರೆಯಿರಿ. ಎಲ್ಲವನ್ನೂ ಒಮ್ಮೆಗೇ ಒತ್ತಿ ತುಂಬಿದರೆ ನಡುವಿನದು ಬೇಗ ಗಟ್ಟಿಯಾಗುವುದಿಲ್ಲ.

ಮೈನಸ್ 18 ಡಿಗ್ರಿಯಲ್ಲಿ ದೊಡ್ಡ ತುಂಡುಗಳು ಆರರಿಂದ ಒಂಬತ್ತು ತಿಂಗಳು, ಖೀಮಾ ಮತ್ತು ಲಿವರ್ ಮೂರು ನಾಲ್ಕು ತಿಂಗಳು ರುಚಿ ಕೆಡದೆ ಇರುತ್ತವೆ. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಿರುವುದಿಲ್ಲ. ಅದರಲ್ಲಿ ಇಡುವವರು ಒಂದೆರಡು ವಾರದಲ್ಲಿ ಮುಗಿಸಬೇಕು. ಸಣ್ಣ ಪಾಲು ತೆಗೆದುಕೊಳ್ಳುವುದು ಲೇಸು.

ಕರೆಂಟು ಹೋದಾಗ ಬಾಗಿಲು ತೆರೆಯಬೇಡಿ. ಬೇರೆಯದೇ ಆದ ಡೀಪ್ ಫ್ರೀಜರ್ ತುಂಬಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ಚಳಿ ಹಿಡಿದಿಡುತ್ತದೆ. ಅಡುಗೆಯ ಹಿಂದಿನ ರಾತ್ರಿಯೇ ಪೊಟ್ಟಣವನ್ನು ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ. ಹೊರಗಿಟ್ಟು ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಸೇರಿಸಬಾರದು.

ಮೊದಲ ಸಲ ಒಂದೇ ಕುರಿ, ನಾಲ್ಕೇ ಮನೆ ಸಾಕು. ತೂಕ, ಖರ್ಚು, ಬಂದ ಮಾಂಸ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ನಾಲ್ವರೂ ಇಟ್ಟುಕೊಳ್ಳಿ. ಅದರ ಒಂದು ಪ್ರತಿ ಕುರಿ ಕೊಟ್ಟವರಿಗೂ ಇರಲಿ. ಮುಂದಿನ ಸಲ ಅವರು ದರ ಹೇಳುವಾಗಲೂ ನಾವು ಕೇಳುವಾಗಲೂ ಆ ಚೀಟಿಯೇ ಮಾತಾಡುತ್ತದೆ.