ಪಿಸಿಎಸ್‌ಎಕ್ಸ್2 ಎಮ್ಯುಲೇಟರ್ ಸಂಯೋಜನೆ

ಪಿಸಿಎಸ್‌ಎಕ್ಸ್2 ಎಂಬುದು ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 2 ಆಟಗಳನ್ನು ಗಣಕಯಂತ್ರದಲ್ಲಿ ಆಡಲು ನೆರವಾಗುವ ಉಚಿತ, ಮುಕ್ತ ತಂತ್ರಾಂಶ. ಒಂದು ಯಂತ್ರದ ಕಾರ್ಯವನ್ನು ಮತ್ತೊಂದರಲ್ಲಿ ಅನುಕರಿಸುವ ಇಂತಹ ತಂತ್ರಾಂಶವನ್ನು ಎಮ್ಯುಲೇಟರ್ ಎನ್ನುತ್ತಾರೆ.

ಹಿನ್ನೆಲೆ

ಪ್ಲೇಸ್ಟೇಷನ್ 2 ಜಪಾನಿನಲ್ಲಿ 2000ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು; 2013ರ ವೇಳೆಗೆ ಅದರ ತಯಾರಿಕೆ ನಿಂತಿತು. ಭಾರತದಲ್ಲೇ ರೂಪುಗೊಂಡ ‘ಹನುಮಾನ್: ಬಾಯ್ ವಾರಿಯರ್’ (2009) ಆಟವೂ ಈ ಯಂತ್ರಕ್ಕಾಗಿಯೇ ಸಿದ್ಧವಾದುದು. ಮಳೆಗಾಲ ದೀರ್ಘವಾಗಿರುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂತಹ ಪ್ರದೇಶಗಳಲ್ಲಿ ತೇವದಿಂದ ಹಳೆಯ ಡಿಸ್ಕ್‌ಗಳಿಗೆ ಬೂಷ್ಟು ಹಿಡಿಯುವ ಸಂಭವ ಹೆಚ್ಚು. ಆದ್ದರಿಂದ ಅವುಗಳಲ್ಲಿರುವ ಆಟಗಳನ್ನು ಉಳಿಸಿಕೊಳ್ಳಲು ಎಮ್ಯುಲೇಟರ್ ಒಂದು ಮಾರ್ಗವಾಗಿದೆ.

ಬಯೋಸ್ ಮತ್ತು ಆರಂಭಿಕ ಆಯ್ಕೆಗಳು

ತಂತ್ರಾಂಶವನ್ನು ಸ್ಥಾಪಿಸಿದ ಮಾತ್ರಕ್ಕೆ ಆಟ ಆರಂಭವಾಗದು. ಮೂಲಯಂತ್ರವನ್ನು ಚಾಲನೆಗೊಳಿಸುವ ಬಯೋಸ್ ಕಡತ ಅಗತ್ಯ. ಅದು ಸೋನಿಯ ಹಕ್ಕುಸ್ವಾಮ್ಯಕ್ಕೆ ಒಳಪಟ್ಟಿರುವುದರಿಂದ ತಂತ್ರಾಂಶದೊಂದಿಗೆ ಬರುವುದಿಲ್ಲ. ಬಳಕೆದಾರರು ತಮ್ಮ ಸ್ವಂತ ಯಂತ್ರದಿಂದಲೇ ಅದನ್ನು ಪಡೆಯಬೇಕೆಂದು ನಿರ್ಮಾಪಕರು ಸೂಚಿಸುತ್ತಾರೆ. ಮೊದಲ ಬಾರಿ ತೆರೆದಾಗ ಕಾಣುವ ಮಾರ್ಗದರ್ಶಿಯಲ್ಲಿ ಭಾಷೆ, ಬಯೋಸ್, ಆಟಗಳಿರುವ ಫೋಲ್ಡರ್ ಹಾಗೂ ಗೇಮ್‌ಪ್ಯಾಡ್‌ಗಳನ್ನು ಕ್ರಮವಾಗಿ ಆಯ್ದುಕೊಳ್ಳಬೇಕು.

ಚಿತ್ರದ ಗುಣಮಟ್ಟ

ಚಿತ್ರದ ರೆಸಲ್ಯೂಷನ್ನನ್ನು ಮೂಲಕ್ಕಿಂತ ಹಲವು ಪಟ್ಟು ಹೆಚ್ಚಿಸಬಹುದು. ಆದರೆ ಗ್ರಾಫಿಕ್ಸ್ ಸಾಮರ್ಥ್ಯ ಕಡಿಮೆಯಿರುವ ಗಣಕಗಳಲ್ಲಿ ಆಟದ ವೇಗ ಕುಗ್ಗುತ್ತದೆ. ಅಂತಹ ಸಂದರ್ಭದಲ್ಲಿ ಮೂಲ ಪ್ರಮಾಣವನ್ನೇ ಇರಿಸಿಕೊಳ್ಳುವುದು ಸೂಕ್ತ.

ಆಟದ ಪ್ರಗತಿಯ ರಕ್ಷಣೆ

ಆಟವನ್ನು ಯಾವುದೇ ಕ್ಷಣದಲ್ಲಿ ನಿಲ್ಲಿಸಿ ಉಳಿಸುವ ‘ಸೇವ್ ಸ್ಟೇಟ್’ ಸೌಲಭ್ಯವಿದೆ. ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಹಳೆಯ ಸೇವ್ ಸ್ಟೇಟ್‌ಗಳು ತೆರೆಯದೆ ಹೋಗಬಹುದು. ಆದಕಾರಣ ಆಟದೊಳಗಿನ ಕ್ರಮದಂತೆ, ಮೂಲಯಂತ್ರದಲ್ಲಿದ್ದ 8 ಎಂಬಿ ಕಾರ್ಡನ್ನು ಅನುಕರಿಸುವ ಮೆಮೊರಿ ಕಾರ್ಡ್ ಕಡತದಲ್ಲಿಯೂ ಪ್ರಗತಿಯನ್ನು ಉಳಿಸಿ, ಆ ಕಡತದ ಪ್ರತಿಯೊಂದನ್ನು ಬೇರೆಡೆ ಇಡಬೇಕು.